ಹಗಲು ಪಾಳಿಯ ಒಂದು ಜಾಗ

"ಹಗಲು ಪಾಳೀಲಿ ಒಂದೇ ಜಾಗ ಖಾಲಿ ಇರೋದು," ಎಂದಳು ಕಿನಾಂತಿ. ಬಾಟಮ್ ದ್ವೀಪದ ಆ ರೇಡಿಯೋ ಕಾರ್ಖಾನೆಯಲ್ಲಿ ಅವಳು ಪಾಳಿ ಹಂಚುವ ಲೀಡರ್ ಆದ ಮೇಲಿನ ಮೊದಲ ಬೆಳಗು ಅದು. ರಾತ್ರಿ ಪಾಳಿ ಮುಗಿಸಿ ಅಂಗಳಕ್ಕೆ ಬಂದಿದ್ದ ಹೆಂಗಸರೆಲ್ಲ ಅವಳ ತಾಯಿ ವಾರ್ಸಿನಿಯತ್ತ ತಿರುಗಿದರು. ವರ್ಷಗಟ್ಟಲೆ ರಾತ್ರಿ ದುಡಿದು ವಾರ್ಸಿನಿಯ ಕಣ್ಣು ಸೋತಿತ್ತು. ಹಗಲು ಪಾಳಿಗಾಗಿ ಅವಳು ಕಾಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

"ಇನ್ನೇನಕ್ಕಾ, ಮಗಳೇ ಲೀಡರು. ಹಗಲು ನಿಂದೇ ಬಿಡು," ಎಂದು ಅವರಲ್ಲೊಬ್ಬಳಾದ ತುಮಿನಾ ಚುಚ್ಚಿದಳು.

ಕಿನಾಂತಿ ತಲೆಯ ಮೇಲಿನ ಲೀಡರ್‌ನ ಹಳದಿ ಟೋಪಿಯನ್ನು ಸರಿಮಾಡಿಕೊಂಡಳು. "ಯುಲಿ ಅಕ್ಕಾ, ನಾಳೆಯಿಂದ ನೀವು ಹಗಲಿಗೆ ಬನ್ನಿ. ರಾತ್ರಿಯೆಲ್ಲ ಕೂಸು ಹಾಲಿಗೆ ಅಳ್ತಿರತ್ತಲ್ಲ." ಯುಲಿ ನಂಬಲಾಗದೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಕಿನಾಂತಿ ತಾಯಿಯ ಎದುರು ಬಂದು ನಿಂತಳು. ಅವಳ ದನಿ ಸಣ್ಣಗಾಗಿತ್ತು. "ಅಮ್ಮಾ, ನೀನು ಇನ್ನೂ ಸ್ವಲ್ಪ ದಿನ ರಾತ್ರಿಗೇ ಬರ್ಬೇಕು."

ವಾರ್ಸಿನಿ ಮಗಳ ಮುಖ ನೋಡಿದಳು. ದನಿ ಸಣ್ಣಗಾದರೂ ಮಗಳು ಮಾತು ಬದಲಿಸಿರಲಿಲ್ಲ. ವಾರ್ಸಿನಿ ಹೆಗಲ ಚೀಲವನ್ನು ಕೆಳಗಿಟ್ಟು ನೆಟ್ಟಗೆ ನಿಂತಳು. ಹುಟ್ಟಿದಾಗಿನಿಂದ ಏಕವಚನದಲ್ಲೇ ಕರೆದ ಮಗಳಿಗೆ, ಅಂಗಳಕ್ಕೆಲ್ಲ ಕೇಳುವ ಹಾಗೆ, "ಆಗ್ಲಿ ಲೀಡರಮ್ಮಾ, ನೀವು ಹೇಳ್ದಂಗೇ," ಎಂದಳು.