ಎರಡು ದಿನದ ದಾರಿ

ದುಬೈಯಿಂದ ಊರಿಗೆ ವಿಮಾನದಲ್ಲಿ ಎರಡು ದಿನದ ದಾರಿ ಎಂದು ಇಲ್ಯಾಸ್ ಉಮ್ಮನನ್ನು ನಂಬಿಸಿದ್ದ. ಧಣಿ ರಜೆ ಕೊಡುತ್ತಿರಲಿಲ್ಲ. ಇಷ್ಟು ಹತ್ತಿರವಿದ್ದೂ ಮಗ ಬರಲಿಲ್ಲವೆಂದು ಆಕೆ ಕೊರಗಬಾರದಲ್ಲ!

ಬೆಳಿಗ್ಗೆ ಉಮ್ಮ ತೀರಿಕೊಂಡ ಸುದ್ದಿ ಬಂತು. ಧಣಿಯ ಕಾಲು ಹಿಡಿದು ರಜೆ ಪಡೆದ. ಸಿಕ್ಕ ವಿಮಾನ ಹತ್ತಿ, ನಾಲ್ಕೇ ಗಂಟೆಯಲ್ಲಿ ಮಂಗಳೂರಿನಲ್ಲಿ ಇಳಿದು ಮನೆಗೆ ಓಡಿದ.

"ಉಮ್ಮನ ಮುಖ ನೋಡಬೇಕು, ಅಕ್ಕಾ."

"ಆಗಲೇ ಮಣ್ಣು ಮಾಡಿ ಬಂದರು."

"ಸ್ವಲ್ಪ ಹೊತ್ತು ಕಾಯಬಾರದಿತ್ತಾ? ನಾಲ್ಕೇ ಗಂಟೆಯ ದಾರಿ!"

"ಅದು ಉಮ್ಮನಿಗೆ ಮೊದಲಿಂದಲೂ ಗೊತ್ತಿತ್ತು." ನೆರೆದವರತ್ತ ನೋಡಿ ಅಕ್ಕ ದನಿ ತಗ್ಗಿಸಿದಳು. "'ಎರಡು ದಿನ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಾನು ಹೋದ ದಿನವೇ ಬಂದಿಳಿದರೆ ನನ್ನ ಮಗ ಸುಳ್ಳನಾಗ್ತಾನೆ. ಅವನಿಗೆ ಕಾಯಬೇಡಿ' ಅಂದಿದ್ದಳು."