ಮರ ಯಾರದು?

ರಸ್ತೆ ಬದಿಯ ಮರದ ಕೊಂಬೆ ಮುರಿದುಬಿದ್ದು ಮುನಿಲಕ್ಷ್ಮಮ್ಮನ ಇಸ್ತ್ರಿ ಗಾಡಿ ಅಪ್ಪಚ್ಚಿಯಾಗಿತ್ತು. ಪರಿಹಾರದ ಅರ್ಜಿ ಹಿಡಿದು ಆಕೆ ನಗರಸಭೆಗೆ ಬಂದದ್ದು ಇದು ನಾಲ್ಕನೇ ಸಲ.

“ಆ ಮರ ನಗರಸಭೆದೇ ಅನ್ನೋಕೆ ದಾಖಲೆ ಬೇಕಮ್ಮ. ಇಲ್ದಿದ್ರೆ ಅರ್ಜಿ ತಗೊಳ್ಳೋಕಾಗಲ್ಲ,” ಎಂದ ಅಧಿಕಾರಿ, ಕಡತದಿಂದ ತಲೆಯೆತ್ತದೆ.

“ದಾಖಲೆ ಎಲ್ಲಿ ಸಿಗುತ್ತೆ ಸಾರ್?”

“ನಮ್ಮಲ್ಲಂತೂ ಇಲ್ಲ.”

ಆಕೆ ನಿಟ್ಟುಸಿರಿಟ್ಟಳು. “ಹೋಗ್ಲಿ ಬಿಡಿ. ಯಾರದೂ ಅಲ್ಲದ ಮರ ಅಂದ್ಮೇಲೆ ನಾಳೆ ಬುಡಸಮೇತ ಕಡಿಸಿ, ಇಸ್ತ್ರಿಗೆ ಇದ್ದಿಲು ಮಾಡ್ಕೊತೀನಿ.”

ಅಧಿಕಾರಿ ಕುರ್ಚಿಯಿಂದ ಎದ್ದೇಬಿಟ್ಟ. “ಏನಮ್ಮಾ, ನಗರಸಭೆ ಮರಕ್ಕೆ ಕೊಡಲಿ ಹಾಕಿದ್ರೆ ಕೇಸಾಗುತ್ತೆ, ಗೊತ್ತಾ?”

ಮುನಿಲಕ್ಷ್ಮಮ್ಮ ಅರ್ಜಿಯನ್ನೂ ಪೆನ್ನನ್ನೂ ಅವನ ಮುಂದೆ ಸರಿಸಿದಳು.

“ಈಗ ಹೇಳಿದ್ದನ್ನೇ ಇದರ ಮೇಲೆ ಬರೆದು, ಒಂದು ಸೀಲು ಹಾಕ್ಕೊಡಿ ಸಾರ್.”