ಏಳರಿಂದ ಗುಣಿಸಿದಾಗ

ಮಂಡಕ್ಕಿ ಮಿರ್ಚಿಯ ವಾಸನೆಗೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ, ಖಾರಕ್ಕಲ್ಲ.

ಆ ಮಧ್ಯಾಹ್ನ ತೆಲಿಗಿಯಿಂದ ಬಂದಿದ್ದ ಅತ್ತೆಯ ಮಗಳು ಗೌರಿ, ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯ ಬಂಡೆಯ ಮೇಲೆ ಚಾಕ್‌ಪೀಸಿನಲ್ಲಿ 142857 ಎಂದು ಬರೆದಳು. ಎರಡರಿಂದ ಗುಣಿಸಿದರೆ 285714. ಮೂರರಿಂದ 428571. ಅವೇ ಅಂಕಿಗಳು, ಅದೇ ಸಾಲು, ಆರಂಭ ಮಾತ್ರ ಬೇರೆ.

ಮಿರ್ಚಿ ಕಚ್ಚುತ್ತಿದ್ದ ಅಪ್ಪ ಬಗ್ಗಿ ನೋಡಿದ. "ಪಂಕ್ತಿಯಾಗ ಕುಂತೋರು ಜಾಗ ಬದಲಿಸಿದಂಗ ಐತಲ್ಲ!"

ಆರರವರೆಗೂ ಆ ಸಾಲು ಕೆಡಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಈಗ ಏಳರಿಂದ ಗುಣಸು, ನೋಡಾಣ," ಎಂದೆ, ಕೆಟ್ಟೇ ಕೆಡುತ್ತದೆ ಎಂದುಕೊಂಡು.

ಗೌರಿ ಅದನ್ನು ಹಿಂದೆಂದೂ ಮಾಡಿರಲಿಲ್ಲ. ಹೆದರುತ್ತಲೇ ಗುಣಿಸಿದಳು. ಬಂಡೆಯ ಮೇಲೆ ಬರೀ ಒಂಬತ್ತುಗಳೇ ಸಾಲಾಗಿ ನಿಂತವು: 999999.

"ಭಲೇ ನನ್ನವ್ವ!" ಎಂದು ಅಪ್ಪ ಅವಳ ತಲೆ ಸವರಿದ.

ಅಲ್ಲಿಯವರೆಗೆ ಅಪ್ಪನ ಬಾಯಲ್ಲಿ 'ನನ್ನವ್ವ' ಎಂದರೆ ನಾನೊಬ್ಬಳೇ.